ಇಲ್ಲದ ಓಟಿಗೆ ಬಿದ್ದ ಹಿಮ

ವರ್ಜೀನಿಯಾದ ಸೆಂಟರ್‌ವಿಲ್‌ನ ಪ್ರಭಾಕರನ ಹತ್ತಿರ ಒಂದು ಗ್ರೀನ್ ಕಾರ್ಡಿತ್ತು, ಮೈಸೂರಿನ ವಿಳಾಸವಿದ್ದ ಒಂದು ಪಾಸ್‌ಪೋರ್ಟಿತ್ತು, ಎಲ್ಲಿ ಹೋದರೂ ತಾನು ಅಲ್ಲಿನ ಹಳಬ ಅಂತ ಕಾಣಿಸಿಕೊಳ್ಳಬೇಕೆನ್ನುವ ಒಂದು ಸಣ್ಣ ಆಸೆಯಿತ್ತು. ಓಟು ಮಾತ್ರ ಇರಲಿಲ್ಲ. ಅಮೆರಿಕದ ಪ್ರಜೆಯಾಗಲು ಅರ್ಜಿ ಹಾಕುವ ಅರ್ಹತೆ ಬಂದು ವರ್ಷಗಳಾಗಿದ್ದವು. ಆದರೆ ಅರ್ಜಿ ಹಾಕಿದರೆ ಪರೀಕ್ಷೆಗೆ ಕರೆಯುತ್ತಾರೆ, ಅಲ್ಲಿ ಪ್ರಶ್ನೆ ಕೇಳುತ್ತಾರೆ, ಎಲ್ಲಾದರೂ ಫೇಲಾದರೆ ಹೆಂಡತಿ ಶೀಲಾ ಅದನ್ನು ಮೈಸೂರಿನ ತನಕ ಸುದ್ದಿ ಮಾಡುತ್ತಾಳೆ ಅಂತ ಅವನು ಅದನ್ನು ಮುಂದೂಡುತ್ತಲೇ ಬಂದಿದ್ದ.

ನವೆಂಬರಿನಲ್ಲಿ ಚುನಾವಣೆಯ ದಿನ ಶ್ಯಾಂಟಿಲಿಯ ಆಫೀಸಿನಿಂದ ಮನೆಗೆ ಬರುವಾಗ ಅವನಿಗೆ ಬಾತ್‌ರೂಮಿಗೆ ಅವಸರವಾಯಿತು. ದಾರಿಯಲ್ಲಿ ಸಿಕ್ಕ ಲೈಬ್ರರಿಗೆ ನುಗ್ಗಿದ. ಆ ದಿನ ಆ ಲೈಬ್ರರಿಯೇ ಮತಗಟ್ಟೆ. ಕೆಲಸ ಮುಗಿಸಿ ಹಗುರವಾಗಿ ಹೊರಗೆ ಬರುತ್ತಿದ್ದವನ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಬಾಗಿಲಲ್ಲಿ ನಿಂತಿದ್ದ ಬಿಳಿಕೂದಲಿನ ಹೆಂಗಸು ಅದನ್ನು ಪ್ರಜಾಪ್ರಭುತ್ವದ ಮೇಲಿನ ತೃಪ್ತಿ ಎಂದು ತಿಳಿದು, 'ಐ ವೋಟೆಡ್' ಅನ್ನುವ ದುಂಡನೆಯ ಸ್ಟಿಕರ್ ಒಂದನ್ನು ಅವನ ಕೋಟಿಗೆ ತಾನೇ ಅಂಟಿಸಿಬಿಟ್ಟಳು. ಪ್ರಭಾಕರ ಥ್ಯಾಂಕ್ಯೂ ಅಂದ. ಅಲ್ಲೇ ಕಿತ್ತು ಹಾಕಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಆ ಶನಿವಾರ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅವನು ಅದೇ ಕೋಟು ಹಾಕಿಕೊಂಡು ಹೋದ. ಊಟದ ಸಾಲಿನಲ್ಲಿ ಉಷಾ ಆಂಟಿಯ ಕಣ್ಣು ಅವನ ಎದೆಯ ಮೇಲೆ ಬಿತ್ತು. ಉಷಾ ಆಂಟಿ ಎಪ್ಪತ್ತು ದಾಟಿದವರು. ಗಂಡ ಡಾಕ್ಟರ್ ಸೂರ್ಯನಾರಾಯಣ ಅವರ ಜೊತೆ ಬಂದು ಈ ಊರಲ್ಲಿ ನೆಲೆನಿಂತು ಅರ್ಧ ಶತಮಾನವಾಗುತ್ತಾ ಬಂದಿತ್ತು. ಗಂಡನಾದರೂ ರಿಟೈರಾಗಿದ್ದರು. ಆಂಟಿ ಆಗಿರಲಿಲ್ಲ. ಯಾವುದೇ ಚುನಾವಣೆ ಬಂದರೂ ಮನೆಮನೆಯ ಬಾಗಿಲು ತಟ್ಟಿ ಜನರನ್ನು ಓಟಿಗೆ ಎಬ್ಬಿಸುವುದು ಅವರ ಕೆಲಸ.

"ಭೇಷ್, ಪ್ರಭಾಕರ. ಓಟು ಹಾಕಿದ್ಯಾ?" ಅಂದರು.

ಸುತ್ತ ನಾಲ್ಕು ಜನ ತಿರುಗಿ ನೋಡಿದರು. ಪ್ರಭಾಕರನ ಕೈಯಲ್ಲಿ ಬಿಸಿಬೇಳೆ ಬಾತಿನ ತಟ್ಟೆ ಇತ್ತು. "ನಮ್ಮ ಕರ್ತವ್ಯ ಅಲ್ವಾ ಆಂಟಿ," ಅಂದುಬಿಟ್ಟ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಾಲ್ಕು ಜನ ಇನ್ನೂ ನೋಡುತ್ತಲೇ ಇದ್ದರು. "ಮಳೆ ಬರ್ಲಿ, ಸ್ನೋ ಬೀಳ್ಲಿ, ನಾನು ಮಾತ್ರ ಮಿಸ್ ಮಾಡೋನಲ್ಲ. ನಮ್ಮ ಜನಕ್ಕೆ ಈ ವಿಷಯದಲ್ಲಿ ಸೀರಿಯಸ್‌ನೆಸ್ಸೇ ಇಲ್ಲ."

ಪಕ್ಕದಲ್ಲಿದ್ದ ಶೀಲಾ ಹಪ್ಪಳ ಮುರಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಕಾರಿನಲ್ಲಿ ಮನೆಗೆ ಹೋಗುವಾಗ ಹಿಂದಿನ ಸೀಟಿನಿಂದ ಮಗಳು ನಿಧಿ, "ಅಪ್ಪಾ, ಯೂ ಆರ್ ನಾಟ್ ಈವನ್ ಅ ಸಿಟಿಜನ್," ಅಂದಳು. "ಸುಮ್ನಿರು, ಯಾರೂ ನೆನಪಿಟ್ಕೊಳ್ಳಲ್ಲ," ಅಂದ ಪ್ರಭಾಕರ.

ಉಷಾ ಆಂಟಿ ನೆನಪಿಟ್ಟುಕೊಂಡಿದ್ದರು.

ಕೌಂಟಿಯ ಆಡಳಿತ ಬೋರ್ಡಿನಲ್ಲಿ ಆ ಭಾಗದ ಸ್ಥಾನವೊಂದು ಇದ್ದಕ್ಕಿದ್ದಂತೆ ಖಾಲಿಯಾಯಿತು. ಜನವರಿಯ ಮಂಗಳವಾರವೊಂದರಲ್ಲಿ ಉಪಚುನಾವಣೆ ಅಂತ ಗೊತ್ತಾಯಿತು. ಒಬ್ಬ ರಿಟೈರ್ಡ್ ಟೀಚರಮ್ಮ, ಒಬ್ಬ ಹಾರ್ಡ್‌ವೇರ್ ಅಂಗಡಿಯವನು ಎದುರುಬದುರು ನಿಂತರು. ಆಂಟಿ ಟೀಚರಮ್ಮನ ಕಡೆ. "ನಿಂದು ಗ್ಯಾರಂಟಿ ಓಟು ಅಂತ ಹೇಳಿದೀನಿ," ಎಂದು ಪ್ರಭಾಕರನಿಗೆ ಫೋನಿನಲ್ಲಿ ತಿಳಿಸಿದರು. ಅವನು ಹ್ಞೂಂಗುಟ್ಟಿ, ಫೋನಿಟ್ಟು, ಆ ದಿನದಿಂದ ಹವಾಮಾನದ ಆ್ಯಪ್ ನೋಡತೊಡಗಿದ. ಚುನಾವಣೆಗೆ ಸರಿಯಾಗಿ ದೊಡ್ಡ ಹಿಮ ಬೀಳುವ ಸೂಚನೆ ಕಂಡಾಗ ಅವನಿಗೆ ದೇವರ ಮೇಲೆ ಹೊಸದಾಗಿ ಭಕ್ತಿ ಹುಟ್ಟಿತು.

ಭಾನುವಾರ ಸಂಜೆ ಹಿಮ ಶುರುವಾಯಿತು. ಸೋಮವಾರ ಪೂರ್ತಿ ಸುರಿಯಿತು. ಸ್ಕೂಲು ಮುಚ್ಚಿದವು, ಆಫೀಸು ಮುಚ್ಚಿದವು, ಟೌನ್‌ಹೌಸಿನ ಮುಂದೆ ನಿಲ್ಲಿಸಿದ್ದ ಕಾರು ಬಿಳಿ ಗುಡ್ಡೆಯಾಯಿತು. ಪ್ರಭಾಕರ ಕಿಟಕಿಯ ಹತ್ತಿರ ಕೂತು ಈರುಳ್ಳಿ ಬಜ್ಜಿ ತಿಂದ. "ಪಾಪ, ಓಟು ಹಾಕ್ಬೇಕು ಅಂತಿದ್ದೋರಿಗೆ ಎಷ್ಟು ಬೇಜಾರಾಗುತ್ತೋ," ಅಂತ ಶೀಲಾಗೆ ಹೇಳಿದ. ಆಗ ಫೋನು ಬಂತು.

"ಎಲೆಕ್ಷನ್ ಪೋಸ್ಟ್‌ಪೋನ್ ಆಗಿಲ್ಲ," ಅಂದರು ಉಷಾ ಆಂಟಿ. ಅವರ ದನಿಯಲ್ಲಿ ಯುದ್ಧಕ್ಕೆ ಹೊರಟವರ ಉತ್ಸಾಹ ಇತ್ತು.

"ಇಷ್ಟು ಸ್ನೋದಲ್ಲಿ ಯಾರು ಬರ್ತಾರೆ ಆಂಟಿ?"

"ಯಾರೂ ಬರಲ್ಲ. ಅದೇ ಪಾಯಿಂಟು. ಎಲ್ರೂ ಬಂದ್ರೆ ನಿನ್ನದೊಂದು ಓಟು ಬಿಟ್ರೂ ನಡೆಯುತ್ತೆ. ಯಾರೂ ಬರದೇ ಇದ್ದಾಗ ಗ್ಯಾರಂಟಿ ಓಟು ಅಂದ್ರೆ ಚಿನ್ನ. ಸ್ನೋ ಬಿದ್ರೂ ಬಿಡಲ್ಲ ಅಂತ ಅವತ್ತು ಹೇಳಿದ್ದೆಯಲ್ಲ, ಅಂಥೋರೇ ಬೇಕಾಗಿರೋದು. ನಾಳೆ ರೆಡಿಯಾಗಿರು."

ಪ್ರಭಾಕರನ ಬಾಯಲ್ಲಿದ್ದ ಬಜ್ಜಿ ಅಲ್ಲೇ ನಿಂತಿತು. ತಾನು ಬೇಡಿಕೊಂಡ ಹಿಮವೇ ತನ್ನ ಬೆಲೆ ಏರಿಸಿದೆ ಅಂತ ಅವನಿಗೆ ನಿಧಾನಕ್ಕೆ ಅರ್ಥವಾಯಿತು. ಸಲಹೆಗೆ ಆಫೀಸಿನ ಗೆಳೆಯ ಕರಬಸಪ್ಪನಿಗೆ ಫೋನು ಮಾಡಿದ. ಕರಬಸಪ್ಪ ದಾವಣಗೆರೆಯವನು. ವಲಸೆ ಕಾನೂನಿನ ನಾಲ್ಕು ವಾಟ್ಸ್ಯಾಪ್ ಗುಂಪಿನಲ್ಲಿದ್ದ. ಅಲ್ಲಿ ಬಂದ ಕೆಟ್ಟ ಸುದ್ದಿಯನ್ನೆಲ್ಲ ಮನಸ್ಸಿಟ್ಟು ಓದುತ್ತಿದ್ದ.

"ಒಬ್ಬ ಫ್ರೆಂಡಿದಾನೆ," ಅಂತ ಶುರು ಮಾಡಿದ ಪ್ರಭಾಕರ. "ಗ್ರೀನ್ ಕಾರ್ಡು. ತಪ್ಪಿ ಓಟು ಹಾಕಿದ್ರೆ ಏನಾಗುತ್ತೆ?"

"ಕಾರ್ಡು ಕಿತ್ಕೊಂಡು ವಿಮಾನ ಹತ್ತಿಸ್ತಾರೆ. ಒನ್ ವೇ."

"ಓಟು ಹಾಕಿಲ್ಲ ಅನ್ಕೋ. ಹಾಕಿದೀನಿ ಅಂತ ಬರೀ ಬಾಯಲ್ಲಿ ಹೇಳಿದಾನೆ."

"ಅದು ಇನ್ನೂ ಡೇಂಜರ್ ಗುರುವೇ. ಸಿಟಿಜನ್ ಅಂತ ಸುಳ್ಳು ಹೇಳ್ಕೊಂಡಂಗೆ ಆಗುತ್ತೆ. ಸಾಕ್ಷಿ ಇದ್ರೆ ಮುಗೀತು. ಎಷ್ಟು ಜನರ ಮುಂದೆ ಹೇಳಿದ್ದ?"

ಪ್ರಭಾಕರ ಊಟದ ಸಾಲನ್ನು ನೆನಪಿಸಿಕೊಂಡ. "ಒಂದು ರಾಜ್ಯೋತ್ಸವದಷ್ಟು."

"ಪಾಪ," ಅಂದ ಕರಬಸಪ್ಪ. "ಮನೆ ಮಾರೋ ಪ್ಲಾನ್ ಇದ್ರೆ ಸ್ಪ್ರಿಂಗ್‌ವರೆಗೆ ಕಾಯಕ್ಕೆ ಹೇಳು. ಈಗ ರೇಟ್ ಬರಲ್ಲ."

ಆ ರಾತ್ರಿ ಪ್ರಭಾಕರನಿಗೆ ನಿದ್ದೆ ಬರಲಿಲ್ಲ. ನಿಜ ಹೇಳಿಬಿಡಿ ಅಂದಳು ಶೀಲಾ. ಹೇಳಿದರೆ ಉಷಾ ಆಂಟಿ ಕೇಂದ್ರವಾಗಿ ಐವತ್ತು ಮೈಲಿ ಸುತ್ತಿನಲ್ಲಿ ಮುಖ ತೋರಿಸುವ ಹಾಗಿಲ್ಲ. ಹೇಳದಿದ್ದರೆ ವಿಮಾನ. ಎರಡೂ ಬೇಡ, ಹಾಸಿಗೆ ಬಿಟ್ಟು ಏಳುವುದೇ ಬೇಡ ಅಂತ ತೀರ್ಮಾನಿಸಿದ.

ಬೆಳಗ್ಗೆ ಆಂಟಿಯ ಫೋನು ಬಂದಾಗ, "ಕಾರು ಹೂತು ಹೋಗಿದೆ ಆಂಟಿ, ಬಾಗಿಲೇ ಕಾಣ್ತಿಲ್ಲ," ಅಂದ. ಆಂಟಿ ಸರಿ ಅಂದು ಇಟ್ಟರು. ಅವನು ಕಾಫಿ ಮುಗಿಸುವ ಮೊದಲೇ ಹೊರಗೆ ಭರ್ರೆನ್ನುವ ಸದ್ದು. ಪಕ್ಕದ ಮನೆಯ ಗ್ಲೆನ್, ಆರಡಿ ಮೂರಂಗುಲದ ಪರೋಪಕಾರಿ, ತನ್ನ ಸ್ನೋ ಬ್ಲೋವರ್ ತಂದು ಪ್ರಭಾಕರನ ಮನೆಯ ಮುಂದಿನ ಹಿಮವನ್ನೆಲ್ಲ ಕಾರಂಜಿಯ ಹಾಗೆ ಆಚೆಗೆ ಚಿಮ್ಮಿಸುತ್ತಿದ್ದ. ಕಿಟಕಿಯಲ್ಲಿ ಪ್ರಭಾಕರನ ಮುಖ ಕಂಡದ್ದೇ ಕೈ ಬೀಸಿ, "ಉಷಾ ಕಾಲ್ಡ್ ಮಿ," ಅಂತ ಕೂಗಿದ.

ಪ್ರಭಾಕರ ಮೇಲಕ್ಕೆ ಓಡಿ ರಜಾಯಿ ಹೊದ್ದು ಮಲಗಿದ. ಆಂಟಿ ಮತ್ತೆ ಫೋನು ಮಾಡಿದರೆ ತನಗೆ ಜ್ವರ ಅಂತ ಹೇಳು ಎಂದು ಶೀಲಾಗೆ ಹೇಳಿದ. ಸುಳ್ಳು ಹೇಳಲು ಒಪ್ಪದ ಶೀಲಾ, "ಜ್ವರ ಅಂತಿದಾರೆ," ಅಂದಳು. ಅದರ ಫಲವಾಗಿ ಡಾಕ್ಟರ್ ಸೂರ್ಯನಾರಾಯಣ ಅವರೇ ಮಂಡಿ ತನಕದ ಬೂಟು ಹಾಕಿ ಎರಡು ಬೀದಿ ನಡೆದು ಬಂದರು. ಬಂದವರು ಹಾಸಿಗೆಯ ಅಂಚಿನಲ್ಲಿ ಕೂತು ಥರ್ಮಾಮೀಟರ್ ಇಟ್ಟರು, ನಾಡಿ ಹಿಡಿದರು.

"ಜ್ವರ ಇಲ್ಲ. ಆದ್ರೆ ನಾಡಿ ಕುದುರೆ ಥರ ಓಡ್ತಿದೆ. ಏನಾದ್ರೂ ಹೆದರಿಕೆನಾ?"

"ಏನಿಲ್ಲ ಅಂಕಲ್. ಸ್ವಲ್ಪ ಹೊಟ್ಟೇನೂ ಸರಿ ಇಲ್ಲ."

ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹಿಂದೆ ಒಂದು ಎಲೆಕ್ಷನ್‌ನಲ್ಲಿ ನಂಗೂ ಹೀಗೇ ಹೊಟ್ಟೆನೋವು ಬಂದಿತ್ತು. ಉಪಯೋಗ ಆಗ್ಲಿಲ್ಲ. ಎದ್ದೇಳಪ್ಪಾ, ಬೂಟು ಹಾಕ್ಕೋ."

ಹೀಗೆ ಪ್ರಭಾಕರ, ಎರಡು ಸ್ವೆಟರ್ ಒಂದು ಜಾಕೆಟ್ಟು ತೊಟ್ಟು, ಗ್ಲೆನ್‌ನ ಟ್ರಕ್ಕಿನಲ್ಲಿ ಗ್ಲೆನ್ ಮತ್ತು ಡಾಕ್ಟರ ನಡುವೆ ಸಿಕ್ಕಿಕೊಂಡು ಮತಗಟ್ಟೆಗೆ ಹೊರಟ. ಶೀಲಾ ಬಾಗಿಲಲ್ಲಿ ನಿಂತು ನೋಡಿದಳು. ನೀವೇ ಮಾಡಿಕೊಂಡದ್ದು ಅನ್ನುವ ಹಾಗಿತ್ತು ಆ ನೋಟ. ಆದರೆ ಟ್ರಕ್ಕು ಹೊರಟಾಗ ಅವಳ ಕೈ ಕುತ್ತಿಗೆಯ ತಾಳಿಯ ಹತ್ತಿರ ಹೋದದ್ದನ್ನು ಪ್ರಭಾಕರ ಕಂಡ. ಅವನಿಗೆ ಇನ್ನಷ್ಟು ಭಯವಾಯಿತು.

ಎಲಿಮೆಂಟರಿ ಸ್ಕೂಲಿನ ಜಿಮ್ಮಿನಲ್ಲಿ ಮತಗಟ್ಟೆ. ಹೊರಗೆ ಪ್ರಚಾರದವರು ದಾಟಬಾರದ ಗೆರೆಯ ಆಚೆ ಉಷಾ ಆಂಟಿ ನಿಂತಿದ್ದರು. ನೇರಳೆ ಕೋಟು, ಉಣ್ಣೆಯ ಟೋಪಿ, ಕೈಯಲ್ಲಿ ಫೋನು. ಪಾರ್ಕಿಂಗ್ ಲಾಟಿನಲ್ಲಿ ಕಾರುಗಳಿಗಿಂತ ಕಾಗೆಗಳು ಹೆಚ್ಚಿದ್ದವು.

"ಬಂದ್ಯಾ? ನೋಡು, ಓಟರ್ ಲಿಸ್ಟಿನ ಆ್ಯಪ್‌ನಲ್ಲಿ ನಿನ್ನ ಹೆಸರೇ ಸಿಗ್ತಿಲ್ಲ," ಅಂದರು.

ಪ್ರಭಾಕರನ ಎದೆಯ ಮೇಲಿನ ಕಲ್ಲು ಇಳಿಯಿತು. "ಅಯ್ಯೋ. ಹಾಗಾದ್ರೆ ಏನೂ ಮಾಡಕ್ಕಾಗಲ್ಲ ಅಲ್ವಾ. ಛೇ, ಇಷ್ಟು ದೂರ ಬಂದು..."

"ನಮ್ಮ ಹೆಸರೆಲ್ಲ ಇವ್ರು ಸ್ಪೆಲಿಂಗ್ ಕೆಡಿಸಿರ್ತಾರೆ. ಚಿಂತೆ ಇಲ್ಲ. ವರ್ಜೀನಿಯಾದಲ್ಲಿ ಈಗ ಅದೇ ದಿನ ರಿಜಿಸ್ಟರ್ ಮಾಡ್ಬಹುದು. ಒಳಗೆ ಫಾರಂ ಕೊಡ್ತಾರೆ. ಸಿಟಿಜನ್ ಅಂತ ಟಿಕ್ ಮಾಡಿ, ಸೈನ್ ಹಾಕೋದು, ಅಷ್ಟೇ."

ಇಳಿದ ಕಲ್ಲು ದುಪ್ಪಟ್ಟು ಭಾರವಾಗಿ ಮೇಲೇರಿತು. ಜಿಮ್ಮಿನ ಗಾಜಿನ ಬಾಗಿಲಾಚೆ ಮೇಜು ಕಾಣುತ್ತಿತ್ತು. ಮೇಜಿನ ಹಿಂದೆ ಕನ್ನಡಕದ ಅಧಿಕಾರಿಣಿಯೊಬ್ಬಳು ಮಾಡಲು ಕೆಲಸವಿಲ್ಲದೆ ಬಾಗಿಲನ್ನೇ ನೋಡುತ್ತಾ, ಯಾರಾದರೂ ಬಂದರೆ ಸಾಕು ಅಂತ ಕಾಯುತ್ತಿದ್ದಳು. ಪ್ರಭಾಕರನನ್ನು ಕಂಡು ಆಸೆಯಿಂದ ನಕ್ಕಳು.

ಅವನು ತಿರುಗಿ ನೋಡಿದ. ಗೋಡೆಗೆ ಒರಗಿಸಿದ ಹಿಮ ಎತ್ತುವ ಸಲಿಕೆಯೊಂದು ಕಾಣಿಸಿತು. "ಆಂಟಿ, ಈ ಮೆಟ್ಟಿಲು ನೋಡಿ, ವಯಸ್ಸಾದೋರು ಬಿದ್ರೆ? ಮೊದ್ಲು ಇದನ್ನ ಕ್ಲೀನ್ ಮಾಡ್ತೀನಿ. ನನ್ನ ಓಟು ಎಲ್ಲಿಗೂ ಓಡಿ ಹೋಗಲ್ಲ." ಆಂಟಿ ಏನಾದರೂ ಹೇಳುವ ಮೊದಲೇ ಸಲಿಕೆ ಹಿಡಿದು ಎತ್ತಿಹಾಕತೊಡಗಿದ. ಮನೆಯ ಮುಂದಿನ ಹಿಮವನ್ನು ಆ ವರ್ಷ ಒಂದು ಸಲವೂ ತೆಗೆಯದ ಮನುಷ್ಯ ಸ್ಕೂಲಿನ ಮೆಟ್ಟಿಲು, ಕಾಲುದಾರಿ, ಧ್ವಜಸ್ತಂಭದ ಸುತ್ತಲ ಜಾಗ, ಕೊನೆಗೆ ಮಕ್ಕಳ ಜಾರುಬಂಡೆಯ ಬುಡ ಎಲ್ಲವನ್ನೂ ತೆಗೆದ. ಉಪ್ಪು ಎರಚಿದ. ಸ್ಕೂಲಿನ ಜವಾನ ಹೊರಗೆ ಬಂದು ನೋಡಿ, ಗುರುತಿಲ್ಲದ ಈ ಮನುಷ್ಯನಿಗೆ ಗೌರವದಿಂದ ಒಂದು ಕಪ್ ಕಾಫಿ ಕೊಟ್ಟ.

ತೆಗೆಯಲು ಹಿಮವೇ ಉಳಿಯದೆ ಹೋದಾಗ ಆಂಟಿ ಹತ್ತಿರ ಬಂದರು. "ಸಾಕು, ಒಳಗೆ ಹೋಗು."

"ಆಂಟಿ, ಕರ್ಕೊಂಡು ಬರೋರು ಇನ್ನೂ ಯಾರಾದ್ರೂ ಇದಾರಾ? ನಾನು ಹೋಗ್ತೀನಿ."

ಹಿಮದಲ್ಲಿ ಕಾರು ಓಡಿಸುವುದೆಂದರೆ ಪ್ರಭಾಕರನಿಗೆ ಯಮನ ಜೊತೆ ಅಪಾಯಿಂಟ್‌ಮೆಂಟ್ ಇದ್ದ ಹಾಗೆ. ಆದರೆ ಯಮನ ಹತ್ತಿರ ಫಾರಂ ಇರಲಿಲ್ಲ. ಆಂಟಿಯ ಕಣ್ಣು ಒದ್ದೆಯಾಯಿತು. "ಇಂಥ ನಿಸ್ವಾರ್ಥಿಗಳು ನಮ್ಮ ಸಂಘದಲ್ಲಿ ಇದಾರೆ ಅಂತ ಗೊತ್ತೇ ಇರ್ಲಿಲ್ಲ," ಅಂದು ತಮ್ಮ ದೊಡ್ಡ ಗಾಡಿಯ ಕೀ ಕೊಟ್ಟರು.

ಸಂಜೆಯ ತನಕ ಅವನು ಓಡಾಡಿದ. ಒಬ್ಬ ಕೊರಿಯನ್ ಅಜ್ಜ ಮತ್ತು ಅಜ್ಜಿ, ಇಬ್ಬರು ನರ್ಸುಗಳು, ಊರುಗೋಲಿನ ಒಬ್ಬ ಮಾಜಿ ಸೈನಿಕ, ಹೀಗೆ ಒಬ್ಬೊಬ್ಬರನ್ನೇ ತಂದು ಇಳಿಸಿದ. ಪ್ರತಿ ತಿರುವಿನಲ್ಲೂ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ರಾಘವೇಂದ್ರ ಸ್ವಾಮಿಗಳನ್ನು ನೆನೆದ. ಪ್ರತಿ ಸಲ ಮತಗಟ್ಟೆಗೆ ಬಂದಾಗಲೂ ಆಂಟಿ, "ನಿಂದು?" ಅನ್ನುವುದು, ಅವನು, "ಇನ್ನೊಂದು ಟ್ರಿಪ್ ಆಗ್ಲಿ ಆಂಟಿ," ಅನ್ನುವುದು. ಗಾಜಿನಾಚೆಯ ಅಧಿಕಾರಿಣಿ ಪ್ರತಿ ಸಲವೂ ಆಸೆಯಿಂದ ನಗುವುದು.

ಕೊನೆಗೆ ಉಳಿದದ್ದು ಮಲ್ಲಮ್ಮಜ್ಜಿ. ಗದಗಿನ ಕಡೆಯವರು. ಮಗಳು ಸಪ್ನಾಳ ಮನೆಯಲ್ಲಿ ಬಹಳ ವರ್ಷದಿಂದ ಇದ್ದು, ಅಮೆರಿಕದ ಪ್ರಜೆಯಾಗಿ, ಎಂಬತ್ತನ್ನು ದಾಟಿದ್ದರು. ಕಿವಿ ಮಂದ. ಬೇರೆಯವರಿಗೂ ತನ್ನಷ್ಟೇ ಮಂದ ಅಂತ ತಿಳಿದು ಮಾತಾಡುತ್ತಿದ್ದರು. ಸಪ್ನಾ ಆಸ್ಪತ್ರೆಯ ಡ್ಯೂಟಿಗೆ ಹೋಗಿ ಹಿಮದಿಂದಾಗಿ ಅಲ್ಲೇ ಸಿಕ್ಕಿಕೊಂಡಿದ್ದಳು. ಪ್ರಭಾಕರ ಹೋದಾಗ ಅಜ್ಜಿ ಸೀರೆಯ ಮೇಲೆ ಮಗಳ ಉದ್ದ ಕೋಟು ಹಾಕಿ, ತಲೆಗೆ ಮಫ್ಲರ್ ಸುತ್ತಿ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಮುಂಜಾನಿಂದ ಕಾಯಾಕತ್ತೀನಿ. ಏನ್ ಹಡಗಿನ್ಯಾಗ ಬಂದ್ಯೋ ತಮ್ಮಾ?" ಅಂದರು.

ಹೊತ್ತು ಇಳಿದು ಚಳಿ ಏರುತ್ತಿತ್ತು. ಹಗಲು ಕರಗಿದ ನೀರು ರಸ್ತೆಯ ಮೇಲೆ ಮತ್ತೆ ಹೆಪ್ಪುಗಟ್ಟುತ್ತಿತ್ತು. ನೋಡಿದರೆ ಬರೀ ಒದ್ದೆ ರಸ್ತೆ. ಚಕ್ರ ಇಟ್ಟರೆ ಎಣ್ಣೆ ಸವರಿದ ಗಾಜು. ಇಳಿಜಾರಿನ ತಿರುವಿನಲ್ಲಿ ಪ್ರಭಾಕರ ಬ್ರೇಕು ಒತ್ತಿದ. ಗಾಡಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸದ್ದಿಲ್ಲದೆ, ಅವಸರವಿಲ್ಲದೆ, ದೇವರ ಪ್ರದಕ್ಷಿಣೆಗೆ ಹೊರಟ ಹಾಗೆ ಅದು ತಿರುಗತೊಡಗಿತು. ಎದುರಿಗೆ ಮರಗಳು ಬಂದವು, ಆಮೇಲೆ ಯಾರದೋ ಮನೆಯ ಮೇಲ್‌ಬಾಕ್ಸ್ ಬಂತು, ಆಮೇಲೆ ತಾವು ಬಂದ ದಾರಿಯೇ ಎದುರಿಗೆ ಬಂತು. ಪ್ರಭಾಕರನಿಗೆ ತಾನು ಸತ್ತೆ ಅನಿಸಿತು. ಸಾಯುವಾಗ ಎದೆಯಲ್ಲಿ ಸುಳ್ಳು ಇಟ್ಟುಕೊಂಡು ಹೋಗಬಾರದು ಅನಿಸಿತು.

"ಅಜ್ಜೀ, ನಂಗೆ ಓಟೇ ಇಲ್ಲ," ಅಂದ. "ನಾನು ಸಿಟಿಜನ್ನೇ ಅಲ್ಲ. ಬಾತ್‌ರೂಮಿಗೆ ಹೋಗಿದ್ದೆ, ಸ್ಟಿಕರ್ ಅಂಟಿಸಿಬಿಟ್ರು. ಒಳಗೆ ಹೋದ್ರೆ ಜೈಲು, ಹೋಗದಿದ್ರೆ ಉಷಾ ಆಂಟಿ."

ಗಾಡಿ ರಸ್ತೆಬದಿಯ ಹಿಮದ ರಾಶಿಗೆ ಮೆತ್ತಗೆ ಬೆನ್ನು ಕೊಟ್ಟು ನಿಂತಿತು. ಎಲ್ಲ ನಿಶ್ಶಬ್ದ. ಪ್ರಭಾಕರ ಕಣ್ಣು ಬಿಟ್ಟ. ಹಿಂದೆ ತಿರುಗಿ ನೋಡಿದರೆ ಅಜ್ಜಿ ಮಫ್ಲರ್ ಸರಿಮಾಡಿಕೊಳ್ಳುತ್ತಿದ್ದರು.

"ಏನಂದಿ? ಓಟಿಲ್ಲೇನು ನಿನಗ?"

"ಇಲ್ಲ ಅಜ್ಜಿ."

"ಹಂಗಾರ ಬ್ಯಾರೇದೋರ ಓಟಿಗೆ ಇಷ್ಟ್ಯಾಕ ಸಾಯಾಕತ್ತಿ? ನಾ ಪರೀಕ್ಷಾ ಪಾಸಾಗೀನಿ, ಕನ್ನಡದಾಗ. ನಿನಗೇನ್ ಧಾಡಿ?" ಅಜ್ಜಿ ಮುಂದಿನ ಸೀಟಿಗೆ ತಟ್ಟಿದರು. "ನಡಿ, ನಡಿ. ಹೊತ್ತಾತು."

ಹೇಗೋ ಗಾಡಿ ಹೊರಳಿಸಿಕೊಂಡು ಇರುವೆಯ ವೇಗದಲ್ಲಿ ಮತಗಟ್ಟೆ ತಲುಪಿದ. ಅಜ್ಜಿಗೆ ಹತ್ತಿರವಾಗಲಿ ಅಂತ ಬಾಗಿಲ ಮುಂದೆಯೇ ನಿಲ್ಲಿಸಿ, ಕೈ ಹಿಡಿದು ಇಳಿಸಿ, ಒಳಗೆ ಬಿಟ್ಟು ಬಂದ. ಹೊರಗೆ ಬಂದರೆ ಗಾಡಿಯ ಪಕ್ಕದಲ್ಲಿ ಪೊಲೀಸ್ ಅಧಿಕಾರಿ ನಿಂತಿದ್ದ.

ಸೊಂಟದಲ್ಲಿ ಪಿಸ್ತೂಲು, ಕಣ್ಣಲ್ಲಿ ಗಾಂಭೀರ್ಯ. "ಸರ್, ಈಸ್ ದಿಸ್ ಯುವರ್ ವೆಹಿಕಲ್?"

ಕರಬಸಪ್ಪ ಹೇಳಿದ್ದೆಲ್ಲ ಪ್ರಭಾಕರನ ಕಿವಿಯಲ್ಲಿ ಮೊಳಗಿತು. ಯಾರೋ ಹೇಳಿಬಿಟ್ಟಿದ್ದಾರೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಯಾರೋ ಇದ್ದರು. ಅವನು ಎರಡೂ ಕೈ ನಿಧಾನವಾಗಿ ಮೇಲೆತ್ತಿದ. ಶೀಲಾಗೆ ಫೋನು ಮಾಡಲು ಬಿಡುತ್ತಾರಾ, ನಿಧಿಯ ಕಾಲೇಜಿಗೆ ಏನು ಗತಿ, ಮೈಸೂರಿನ ಮನೆಯ ಬಾಡಿಗೆಯವರನ್ನು ಹೇಗೆ ಖಾಲಿ ಮಾಡಿಸುವುದು ಅನ್ನುವ ಯೋಚನೆಗಳು ಒಂದರ ಮೇಲೊಂದು ಬಂದವು. "ಐ ಡಿಡ್ ನಾಟ್ ವೋಟ್," ಅಂದ. "ನಾಟ್ ಟುಡೇ. ನಾಟ್ ಎವರ್. ಐ ಓನ್ಲಿ ಯೂಸ್ಡ್ ದ ಬಾತ್‌ರೂಮ್."

ಪೊಲೀಸಿನವನು ಅವನ ಎತ್ತಿದ ಕೈಯನ್ನೂ, ಮುಖವನ್ನೂ, ಜಾಕೆಟ್ಟಿಗೆ ಅಂಟಿದ್ದ ಉಪ್ಪನ್ನೂ ನೋಡಿದ. ಕೊನೆಗೆ ಫೈರ್ ಎಂಜಿನ್ ನಿಲ್ಲುವ ಜಾಗದಲ್ಲಿ ಗಾಡಿ ನಿಲ್ಲಿಸಿದ್ದೀರಿ, ದಯವಿಟ್ಟು ಸ್ವಲ್ಪ ಮುಂದಕ್ಕೆ ತೆಗೆಯಿರಿ ಅಂತ ಮೆತ್ತಗೆ ಹೇಳಿದ. ಕೈ ಇಳಿಸಿದರೂ ನಡೆಯುತ್ತದೆ ಅಂತಲೂ ಹೇಳಿದ.

ಗಾಡಿ ಸರಿಸಿ ಬರುವಷ್ಟರಲ್ಲಿ ಮಲ್ಲಮ್ಮಜ್ಜಿ ಓಟು ಹಾಕಿ ಹೊರಗೆ ಬಂದಿದ್ದರು. ಆಂಟಿ ಗೆರೆಯ ಹತ್ತಿರ ಅವರನ್ನು ಬರಮಾಡಿಕೊಂಡು, ಪ್ರಭಾಕರನ ಕಡೆ ತಿರುಗಿ, "ಇನ್ನು ಮುಚ್ಚೋ ಹೊತ್ತು. ನಿನ್ನ ಓಟು ಹಾಕಿಬಿಡಪ್ಪಾ ಈಗ," ಅಂದರು.

"ಅವನಿಗೆಲ್ಲೈತಿ ಓಟು?" ಅಂದರು ಮಲ್ಲಮ್ಮಜ್ಜಿ, ಪಾರ್ಕಿಂಗ್ ಲಾಟಿನ ಆ ತುದಿಗೂ ಕೇಳುವ ಹಾಗೆ. "ಸಿಟಿಜನ್ನೇ ಅಲ್ಲಂತ ಅಂವ. ನಿನಗ ಅಂಜಿ ಹೇಳಿಲ್ಲ, ಪಾಪ. ಹಾದ್ಯಾಗ ಅಳಾಕತ್ತಿದ್ದ."

ಗ್ಲೆನ್‌ಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವನೂ ತಲೆ ತಗ್ಗಿಸಿದ. ಡಾಕ್ಟರ್ ಸೂರ್ಯನಾರಾಯಣ ಆಕಾಶ ನೋಡಿದರು. ಪ್ರಭಾಕರ ನೆಲ ನೋಡಿದ. ತಾನೇ ತೆಗೆದು ಸ್ವಚ್ಛ ಮಾಡಿದ ನೆಲ, ಹೂತುಕೊಳ್ಳಲು ಅಲ್ಲಿ ಹಿಮವೂ ಉಳಿದಿರಲಿಲ್ಲ.

ಉಷಾ ಆಂಟಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. "ನಾನು ಬೆಳಗ್ಗಿಂದ ನಿನ್ನನ್ನ ಒಳಗೆ ತಳ್ತಾ ಇದ್ದೆ," ಅಂದರು ಕೊನೆಗೆ, ತಣ್ಣಗೆ. "ನೀನು ನಾಚಿಕೆಗೆ ಹೋಗಿಬಿಟ್ಟಿದ್ರೆ? ಟಿಕ್ ಮಾಡಿಬಿಟ್ಟಿದ್ರೆ? ಶೀಲಾಗೆ ನಾನು ಯಾವ ಮುಖ ತೋರಿಸ್ಬೇಕಿತ್ತು?" ತನ್ನ ಭಯ ಬಿಟ್ಟರೆ ಬೇರೆಯವರಿಗೂ ಭಯವಿರಬಹುದು ಅಂತ ಆ ದಿನ ಮೊದಲ ಸಲ ಪ್ರಭಾಕರನಿಗೆ ಹೊಳೆಯಿತು.

"ತಪ್ಪಾಯ್ತು ಆಂಟಿ."

"ತಪ್ಪೇ." ಆಂಟಿ ಉಸಿರೆಳೆದುಕೊಂಡು ಕೈಗಡಿಯಾರ ನೋಡಿದರು. "ನಾಲ್ಕನೇ ಬೀದಿಯ ಪ್ರತಾಪ್ ಫೋನ್ ಮಾಡಿದ್ದ. ಕಾರು ಸ್ಟಾರ್ಟ್ ಆಗ್ತಿಲ್ವಂತೆ. ಅವನು ಸಿಟಿಜನ್. ನಾನು ಈಗಷ್ಟೇ ಕೇಳಿ ಕನ್ಫರ್ಮ್ ಮಾಡ್ಕೊಂಡೆ. ಹೋಗಿ ಕರ್ಕೊಂಡು ಬಾ."

ಪ್ರಭಾಕರ ಹೋಗಿ ಕರೆದುಕೊಂಡು ಬಂದ.

ಮತಗಟ್ಟೆ ಮುಚ್ಚಿದ ಮೇಲೆ ಮಲ್ಲಮ್ಮಜ್ಜಿಯನ್ನು ಮನೆಗೆ ಬಿಡುವ ಕೆಲಸವೂ ಅವನಿಗೇ ಬಂತು. ರಸ್ತೆಗೆ ಉಪ್ಪು ಬಿದ್ದಿತ್ತು. ಹಗಲಿಡೀ ಬಿಗಿಹಿಡಿದಿದ್ದ ಭುಜ ಆಗಷ್ಟೇ ಸಡಿಲವಾಗುತ್ತಿತ್ತು. ಇನ್ನು ಮುಚ್ಚಿಡಲು ಏನೂ ಇಲ್ಲ ಅನ್ನುವ ಸುಖ ಎಂಥದ್ದು ಅಂತ ಅವನು ಅನುಭವಿಸುತ್ತಿದ್ದ.

"ತಮ್ಮಾ, ಒಂದು ಮಾತು. ಉಷಾಗ ಹೇಳಬ್ಯಾಡ," ಅಂದರು ಹಿಂದಿನಿಂದ ಅಜ್ಜಿ. "ಅಕಿ ಹೇಳಿದ ಟೀಚರಮ್ಮಗ ನಾ ಹಾಕಲಿಲ್ಲ. ಆ ಅಂಗಡಿಯಂವಗ ಹಾಕಿದೆ."

ಪ್ರಭಾಕರನ ಕಾಲು ಬ್ರೇಕಿನ ಮೇಲೆ ಹೋಯಿತು. "ಯಾಕಜ್ಜಿ?"

"ಪ್ರಚಾರಕ್ಕ ಇಬ್ರೂ ಮನಿಗೆ ಬಂದಿದ್ರು. ಅಕಿ ಬೂಟುಗಾಲಿಲೆ ಒಳಗ ಬಂದ್ಲು. ಅಂವ ಹೊರಗ ಬಿಚ್ಚಿಟ್ಟು ಬಂದ." ಅಜ್ಜಿ ಕಿಟಕಿಯಾಚೆ ನೋಡಿದರು. "ಒಳಗ ಮನಿಗೆ ಹೋಗೋ ಗಾಡಿ ಕಾಯ್ಕೋತ ನನ್ನ ಕೂಡ ಆ ಕೋಲಿನ ಸೋಲ್ಜರ್ ಕುಂತಿದ್ನಲ್ಲ, ನೀ ಕರಕೊಂಡು ಬಂದಿದ್ಯಲ್ಲ, ಅಂವನೂ ಅಂವಗ ಹಾಕಿದ್ನಂತ. ಆ ನರ್ಸ್ ಹುಡುಗ್ಯಾರೂ ಹಂಗ ಅಂದಂಗಾತು. ನನಗ ಇಂಗ್ಲಿಷ್ ಪೂರಾ ತಿಳಿಯಂಗಿಲ್ಲ ಬಿಡು."

ಮನೆಗೆ ಬಂದು ಶೀಲಾ ಬಡಿಸಿದ ಬಿಸಿ ತಿಳಿಸಾರಿನ ಮುಂದೆ ಕೂತಾಗಲೂ ಅವನ ನಾಡಿ ಕುದುರೆಯ ಹಾಗೇ ಓಡುತ್ತಿತ್ತು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದ, ಅಜ್ಜಿಯ ಕೊನೆಯ ಮಾತೊಂದನ್ನು ಬಿಟ್ಟು. ಆಂಟಿಗೆ ಗೊತ್ತಾಯಿತು ಅಂದಾಗ ಶೀಲಾ ಇನ್ನೆರಡು ಸೌಟು ಸಾರು ಹಾಕಿದಳು. ಬೈಯಲಿಲ್ಲ. ಅಷ್ಟರಲ್ಲಿ ಫೋನು ಬಂತು.

"ಸೋತ್ವಿ," ಅಂದರು ಉಷಾ ಆಂಟಿ. ದನಿ ದಣಿದಿತ್ತು. "ಕೂದಲೆಳೆಯಲ್ಲಿ. ನಮ್ಮ ಮತಗಟ್ಟೆಯಲ್ಲೇ ಹೋಯ್ತು. ಅವ್ರ ಕಡೆ ಜನ ಇಷ್ಟು ಸ್ನೋದಲ್ಲಿ ಹೇಗೆ ಬಂದ್ರೋ ಗೊತ್ತಿಲ್ಲ. ಯಾರು ಕರ್ಕೊಂಡು ಬಂದ್ರೋ."

ಪ್ರಭಾಕರ ಸಾರು ನೋಡಿದ. "ಗೊತ್ತಿಲ್ಲ ಆಂಟಿ."

"ನೀನು ತಂದ ಓಟಾದ್ರೂ ನಮಗೆ ಬಿತ್ತು. ಅದಿಲ್ದಿದ್ರೆ ಮಾನ ಹೋಗ್ತಿತ್ತು. ಮುಂದಿನ ಎಲೆಕ್ಷನ್‌ಗೂ ಗಾಡಿ ನೀನೇ ಓಡಿಸ್ಬೇಕು. ಈಗ್ಲೇ ಹೇಳಿರ್ತೀನಿ. ಓಟು ಇಲ್ದೋನಿಗೆ ಅವತ್ತು ಬೇರೆ ಏನು ಕೆಲಸ ಇರುತ್ತೆ?"

ಫೋನಿಟ್ಟ ಮೇಲೆ ಪ್ರಭಾಕರ ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಲ್ಯಾಪ್‌ಟಾಪ್ ತಂದ. ಪೌರತ್ವದ ಅರ್ಜಿಯ ಪುಟ ತೆರೆದ.

"ಇದೇನ್ರೀ ಇದ್ದಕ್ಕಿದ್ದ ಹಾಗೆ?" ಅಂದಳು ಶೀಲಾ. "ಪರೀಕ್ಷೆ ಅಂದ್ರೆ ಭಯ ಅಂತಿದ್ರಿ."

"ಫೇಲಾದ್ರೂ ಪರವಾಗಿಲ್ಲ ಮಾರಾಯ್ತಿ," ಅಂದ ಪ್ರಭಾಕರ. "ಇನ್ನೊಂದು ಎಲೆಕ್ಷನ್‌ಗೆ ನಾನು ಗಾಡಿ ಓಡಿಸಲ್ಲ."